ಹಳೇ ಕವರು, ಹಳೇ ಡಬ್ಬ, ಕೆನಡಾ ನಾಣ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರೋ ಕೆನಡಾದಿಂದ ತಂದಿಟ್ಟ ನಾಣ್ಯ ಇದೆ, ಎಷ್ಟಕ್ಕೆ ಹೋಗುತ್ತದೆ ಅಂತ ಕೇಳುವವರೇ ಜಾಸ್ತಿ. ನಾನು ತಿರುಗಿ ಕೇಳುವುದು ಒಂದೇ: ಅದು ಯಾವುದರೊಳಗೆ ಕೂತಿದೆ? ಕೆನಡಾ ನಾಣ್ಯಗಳ ವಿಷಯದಲ್ಲಿ ಹಳೇ ಕವರು, ಡಬ್ಬ ಎರಡು ಕೆಲಸ ಮಾಡುತ್ತವೆ. ನಾಣ್ಯ ಎಲ್ಲಿಂದ ಬಂತು ಅಂತ ಸಾಕ್ಷಿ ಹೇಳುತ್ತವೆ, ಹಾಗೇ ಸದ್ದಿಲ್ಲದೆ ಅದನ್ನು ತಿನ್ನುತ್ತಲೂ ಇರುತ್ತವೆ.

ಪ್ರಶ್ನೆ: ತೆಳು ಪ್ಲಾಸ್ಟಿಕ್ಕಿನಲ್ಲಿ ಆರು ನಾಣ್ಯ ಬೆಸೆದಿಟ್ಟಿದ್ದಾರೆ, ಎರಡು ಸಾಲು. ಏನಿದು?

ಇದು ಪ್ರೂಫ್‌ಲೈಕ್ ಸೆಟ್. ಚಿಕ್ಕದಾಗಿ ಪಿಎಲ್ ಸೆಟ್ ಅನ್ನುತ್ತಾರೆ. ಒಂದು ಸೆಂಟ್, ಐದು, ಹತ್ತು, ಇಪ್ಪತ್ತೈದು, ಐವತ್ತು ಸೆಂಟ್ ಮತ್ತು ಒಂದು ಡಾಲರ್, ಒಟ್ಟು ಮುಖಬೆಲೆ 1 ಡಾಲರ್ 91 ಸೆಂಟ್. ಒಟ್ಟಾವಾದ ರಾಯಲ್ ಕೆನೆಡಿಯನ್ ಮಿಂಟ್ ಇವನ್ನು ಸಂಗ್ರಹಕಾರರಿಗೆ ಅಂತಲೇ ಸ್ವಲ್ಪ ಜಾಸ್ತಿ ಕಾಳಜಿಯಿಂದ ಒತ್ತಿ ಮಾರುತ್ತಿತ್ತು. ಹಾಗಾಗಿ ಹೊಲ ಕನ್ನಡಿಯ ಹಾಗೆ ಹೊಳೆಯುತ್ತದೆ. ಹೊಲ ಅಂದರೆ ಚಿತ್ರದ ಸುತ್ತ ಇರುವ ಖಾಲಿ ಜಾಗ, ಸಂಗ್ರಹಕಾರರ ಮಾತು ಹಾಗೆ.

1950ರ ದಶಕದ ಸೆಟ್‌ಗಳು ಬಿಳಿ ರಟ್ಟಿನಲ್ಲಿ, ಮೇಲೆ ಸೆಲ್ಲೋಫೇನ್ ಸುತ್ತಿಕೊಂಡು ಬರುತ್ತಿದ್ದವು. 60ರ ದಶಕದಲ್ಲಿ ಈ ತೆಳು ಕವರು ಬಂತು. ಇದಕ್ಕೆ ಪ್ಲಿಯೋಫಿಲ್ಮ್ ಅಂತ ಹೆಸರು. 1954ರಲ್ಲಿ ಮಾರಾಟವಾದದ್ದು ಬರೀ 3,000 ಸೆಟ್. 1965ಕ್ಕೆ ಆ ಸಂಖ್ಯೆ 29 ಲಕ್ಷ ದಾಟಿತು! ಎಲ್ಲರಿಗೂ ನಾಣ್ಯ ಕೂಡಿಡುವ ಹುಚ್ಚು ಹಿಡಿದ ಕಾಲ ಅದು. ನಿಮ್ಮ ಕೈಯಲ್ಲಿರುವುದು 64ರದ್ದೋ 65ರದ್ದೋ ಆಗಿದ್ದರೆ ಅಪರೂಪ ಅಂದುಕೊಳ್ಳಬೇಡಿ. ಆದರೆ ಬೆಳ್ಳಿಯಂತೂ ಇದೆ. 1966ರವರೆಗಿನ ಸೆಟ್‌ನಲ್ಲಿ ಹತ್ತು ಸೆಂಟಿನಿಂದ ಡಾಲರ್‌ವರೆಗೆ ನಾಲ್ಕೂ 80% ಬೆಳ್ಳಿ, ಎಲ್ಲಾ ಸೇರಿ ಹತ್ತಿರ ಹತ್ತಿರ 34.5 ಗ್ರಾಂ ಅಪ್ಪಟ ಬೆಳ್ಳಿ. 1968ರ ಸೆಟ್‌ನಿಂದ ಮುಂದೆ ನಿಕ್ಕಲ್, ಅದರಲ್ಲಿ ಬೆಳ್ಳಿ ಹುಡುಕಬೇಡಿ.

ಪ್ರಶ್ನೆ: ಕವರು ಕತ್ತರಿಸಬಹುದಾ?

ಮೊದಲು ಕವರಿನ ಮೇಲಿನಿಂದಲೇ ಭೂತಗನ್ನಡಿಯಲ್ಲಿ ನೋಡಿ. ಸೆಟ್ ಹಾಗೇ ಇರುವಾಗ ಈ ಆರೂ ನಾಣ್ಯ ಒಟ್ಟಿಗೇ ಟಂಕಸಾಲೆಯಿಂದ ಹೊರಟವು ಅನ್ನುವುದಕ್ಕೆ ಆ ಬೆಸುಗೆಯೇ ಪುರಾವೆ. ಕತ್ತರಿಸಿದ ಮೇಲೆ ಆರು ಬಿಡಿ ನಾಣ್ಯ, ಅಷ್ಟೇ.

ಆದರೆ "ಎಂದೂ ಮುಟ್ಟಬೇಡಿ" ಅನ್ನುವವರ ಜೊತೆ ನನಗೆ ಜಗಳ ಇದೆ. ಪ್ಲಿಯೋಫಿಲ್ಮ್ ಅನ್ನುವುದು ರಬ್ಬರಿಗೆ ಕ್ಲೋರಿನ್ ಸಂಯುಕ್ತ ಬೆರೆಸಿ ಮಾಡಿದ ಹಾಳೆ, ಆಹಾರ ಪೊಟ್ಟಣಗಳಿಗೆ ಅಂತ ಬಳಕೆಯಲ್ಲಿದ್ದದ್ದು, ಅರವತ್ತು ವರ್ಷ ಬೆಳ್ಳಿ ಕಾಯಲಿ ಅಂತ ಯಾರೂ ಮಾಡಿದ್ದಲ್ಲ. ಹಳದಿಯಾಗುತ್ತದೆ, ಗರಿಗರಿಯಾಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. ನಾಣ್ಯ ಇನ್ನೂ ಚೊಕ್ಕವಾಗಿದ್ದರೆ, ಸೆಟ್ ಸಾಮಾನ್ಯ ವರ್ಷದ್ದಾಗಿದ್ದರೆ, ಕವರು ಆಗಲೇ ಬಿರಿದಿದ್ದರೆ, ತೆಗೆದು ಒಳ್ಳೆಯ ಕ್ಯಾಪ್ಸೂಲಿಗೆ, ಅಂದರೆ ನಾಣ್ಯದ ಅಳತೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ, ಹಾಕುವುದೇ ವಾಸಿ. 1950ರ ದಶಕದ ಮೊದಲ ಸೆಟ್ ಆಗಿದ್ದರೆ ಮಾತ್ರ ಕತ್ತರಿ ದೂರ ಇಡಿ, ತಿಳಿದವರಿಗೆ ತೋರಿಸಿ.

ಕತ್ತರಿಸುವುದಾದರೆ ನಾಣ್ಯದಿಂದ ದೂರ, ಹೊರ ಅಂಚಿನಲ್ಲಿ ಕತ್ತರಿಸಿ. ನಾನು ಮೊದಲ ಸಲ 1964ರ ಸೆಟ್ ಒಂದನ್ನು ಅವಸರದಲ್ಲಿ ನಡುವೆ ಸೀಳಲು ಹೋಗಿ ಕತ್ತರಿಯ ತುದಿಯಿಂದ ರಾಣಿಯ ಕೆನ್ನೆಯ ಮೇಲೆ ಗೀರು ಎಳೆದುಬಿಟ್ಟೆ. ಆ ಡಾಲರ್ ಈಗಲೂ ನನ್ನ ಮೇಜಿನ ಮೇಲೇ ಇದೆ.

ಪ್ರಶ್ನೆ: ನಾಣ್ಯದ ಮೇಲೆ ಮಂಜು ಕವಿದ ಹಾಗಿದೆ. ಕವರಿನದ್ದಾ, ನಾಣ್ಯದ್ದಾ?

ಕವರನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿ. ಮಂಜು ಜೊತೆಗೇ ಸರಿದರೆ ಪ್ಲಾಸ್ಟಿಕ್ಕಿನದ್ದು. ಅಲ್ಲೇ ನಿಂತರೆ ನಾಣ್ಯದ್ದು. ಈ ಬಿಳಿ ಮಬ್ಬು 60ರ ದಶಕದ ಸೆಟ್‌ಗಳಿಗೆ ಅಂಟಿದ ಜಾಡ್ಯ. ಅಂಚಿನಿಂದ ಶುರುವಾಗುವ ತಿಳಿ ಹೊಂಬಣ್ಣ, ನೀಲಿ, ನೇರಳೆ ಬೇರೆ ಕಥೆ. ಅದು ಬೆಳ್ಳಿ ಗಂಧಕದ ಜೊತೆ ಕೂಡಿದಾಗ ಬರುವ ಬಣ್ಣ, ಚೆನ್ನಾಗಿ ಬಂದಿದ್ದರೆ ಅದಕ್ಕೇ ಜಾಸ್ತಿ ಕೊಡುವವರಿದ್ದಾರೆ.

ಪ್ರಶ್ನೆ: ಆಲ್ಬಮ್ಮಿನಲ್ಲಿದ್ದ ನಾಣ್ಯಕ್ಕೆ ಹಸಿರು ಅಂಟು ಹಿಡಿದಿದೆ.

ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್. ಹಳೇ ಆಲ್ಬಮ್ ಹಾಳೆಗಳು, ಜೋಬಿನ ಥರ ಇರುವ ಫ್ಲಿಪ್ಪುಗಳು ಬಹಳಷ್ಟು ಇದರಲ್ಲೇ ಮಾಡಿದ್ದು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬರುತ್ತದೆ, ಪ್ಲಾಸ್ಟಿಕ್ ಕೊಳೆಯುತ್ತಾ ಆಮ್ಲ ಬಿಡುತ್ತದೆ, ಎರಡೂ ಸೇರಿ ಪಾಚಿ ಹಿಡಿದ ಹಾಗೆ ಕಾಣುತ್ತದೆ. ಹೊಸ ಪ್ಲಾಸ್ಟಿಕ್ ಚೀಲದ ಆ ಗಮ್ ಅನ್ನುವ ವಾಸನೆ ಬಂದರೆ ಅನುಮಾನ ಪಡಿ.

ಇದಕ್ಕೆ ಮದ್ದು ಶುದ್ಧ ಅಸಿಟೋನ್. ಉಗುರು ಬಣ್ಣ ತೆಗೆಯುವ ಸೀಸೆ ಅಲ್ಲ, ಅದರಲ್ಲಿ ಬಣ್ಣ, ವಾಸನೆ, ಎಣ್ಣೆ ಬೆರೆತಿರುತ್ತದೆ. ಗಾಜಿನ ಬಟ್ಟಲಿನಲ್ಲಿ ಹಾಕಿ ನೆನೆಸಿ, ಉಜ್ಜಬೇಡಿ, ಇನ್ನೊಂದು ಬಟ್ಟಲಿನ ಹೊಸ ಅಸಿಟೋನಿನಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಕಿಟಕಿ ತೆಗೆದಿರಲಿ, ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಇರಬಾರದು, ತಟ್ಟನೆ ಬೆಂಕಿ ಹತ್ತುತ್ತದೆ. ಅಂಟು ಹೋಗುತ್ತದೆ, ಆದರೆ ಆಮ್ಲ ಆಗಲೇ ಲೋಹ ತಿಂದಿದ್ದರೆ ಆ ಗುಳಿ ಅಲ್ಲೇ ಉಳಿಯುತ್ತದೆ. ತಾಮ್ರದ ಸೆಂಟುಗಳಿಗೆ ನಾನಂತೂ ಈ ಪ್ರಯೋಗ ಮಾಡುವುದಿಲ್ಲ.

ಪ್ರಶ್ನೆ: ಹುಣಸೆಹಣ್ಣು ಹಾಕಿ ತೊಳೆದರೆ?

ಬೇಡ. ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡ, ಸಬೀನಾ ಬೇಡ. ದೇವರ ಮನೆ ಬೆಳ್ಳಿ ದೀಪಕ್ಕೆ ಅದೆಲ್ಲಾ ಸರಿ. ನಾಣ್ಯದ ಮೇಲ್ಮೈಯಲ್ಲಿ ಒತ್ತುವಾಗ ಲೋಹ ಹರಿದು ಮೂಡಿದ ಕಣ್ಣಿಗೆ ಕಾಣದಂಥ ಗೆರೆಗಳಿರುತ್ತವೆ, ಬೆಳಕಿನಲ್ಲಿ ತಿರುಗಿಸಿದಾಗ ಹೊಳಪು ಚಕ್ರದ ಹಾಗೆ ಸುತ್ತುವುದು ಅದರಿಂದಲೇ. ಒಂದು ಸಲ ಉಜ್ಜಿದರೆ ಅದು ಹೋಯಿತು. ನಾಣ್ಯ ಫಳಫಳ ಅನ್ನುತ್ತದೆ, ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ಮನೆಯಲ್ಲೇ ಒಬ್ಬರು ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡಲು ನನ್ನ 1958ರ ಟೋಟೆಮ್ ಕಂಬದ (ಕೆನಡಾ ಮೂಲನಿವಾಸಿಗಳ ಕೆತ್ತನೆ ಕಂಬ) ಡಾಲರನ್ನು ವಿಭೂತಿ ಹಾಕಿ ತಿಕ್ಕಿ ಲಕಲಕ ಮಾಡಿಟ್ಟಿದ್ದರು. ಏನು ಹೇಳುವುದು, ಭಕ್ತಿಯಿಂದ ಮಾಡಿದ್ದು.

ಪ್ರಶ್ನೆ: 1967ರ ಕೆಂಪು ಡಬ್ಬ, ಕಪ್ಪು ಡಬ್ಬ, ಏನು ವ್ಯತ್ಯಾಸ?

1967 ಕೆನಡಾ ಒಕ್ಕೂಟಕ್ಕೆ ನೂರು ತುಂಬಿದ ವರ್ಷ. ಆ ವರ್ಷದ ನಾಣ್ಯಗಳಿಗೆಲ್ಲಾ ಅಲೆಕ್ಸ್ ಕೋಲ್ವಿಲ್ ಅನ್ನುವ ಕಲಾವಿದ ಪ್ರಾಣಿ, ಪಕ್ಷಿ ಬಿಡಿಸಿದರು: ಸೆಂಟಿಗೆ ಪಾರಿವಾಳ, ಐದಕ್ಕೆ ಮೊಲ, ಹತ್ತಕ್ಕೆ ಬಂಗುಡೆ ಮೀನು, ಇಪ್ಪತ್ತೈದಕ್ಕೆ ಕಾಡುಬೆಕ್ಕು, ಐವತ್ತಕ್ಕೆ ಊಳಿಡುವ ತೋಳ, ಡಾಲರಿಗೆ ರೆಕ್ಕೆ ಚಾಚಿದ ಹೆಬ್ಬಾತು. (ಬಂಗುಡೆ ಅಂದ ಕೂಡಲೇ ಮಂಗಳೂರಿನವರ ಮುಖ ಅರಳುವುದು ನೋಡಿದ್ದೇನೆ.) ನನ್ನ ಕಣ್ಣಿಗೆ ಕೆನಡಾದ ಅತಿ ಚೆಂದದ ನಾಣ್ಯಗಳು ಇವೇ.

ಕೆಂಪು ಡಬ್ಬದಲ್ಲಿ ಆರು ನಾಣ್ಯದ ಜೊತೆ ಒಂದು ಬೆಳ್ಳಿ ಪದಕ. ಅದು ನಾಣ್ಯ ಅಲ್ಲ, ಮುಖಬೆಲೆ ಇಲ್ಲ. ಕಪ್ಪು ಡಬ್ಬದಲ್ಲಿ ಪದಕದ ಜಾಗದಲ್ಲಿ 20 ಡಾಲರಿನ ಚಿನ್ನದ ನಾಣ್ಯ, 18.27 ಗ್ರಾಂ ತೂಕ, 90% ಚಿನ್ನ. ಅಂದರೆ ಸುಮಾರು ಹದಿನಾರೂವರೆ ಗ್ರಾಂ ಅಪ್ಪಟ ಚಿನ್ನ, ಎರಡು ಸವರನ್ನಿಗಿಂತ ಜಾಸ್ತಿ! ಅಂದಿನ ಮಾರಾಟ ಬೆಲೆ ಕೆಂಪಿಗೆ 12 ಡಾಲರ್, ಕಪ್ಪಿಗೆ 40.

ಇಲ್ಲಿ ಡಬ್ಬ ಮುಖ್ಯ ಯಾಕೆ ಗೊತ್ತಾ? ಚಿನ್ನದ ನಾಣ್ಯ ತೆಗೆದು ಮಾರಿ, ಆ ಗುಳಿಗೆ ಇನ್ನೇನೋ ತುಂಬಿದ ಕಪ್ಪು ಡಬ್ಬಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಮುಚ್ಚಳ ತೆಗೆಯದೆ ದುಡ್ಡು ಕೊಡಬೇಡಿ.

ಪ್ರಶ್ನೆ: 70ರ ದಶಕದ ಕರಿ ಚರ್ಮದ ಡಬ್ಬದಲ್ಲಿ ಒಂದೇ ದೊಡ್ಡ ಡಾಲರ್ ಇದೆ. ಬೆಳ್ಳಿನಾ?

36 ಮಿಲಿಮೀಟರ್ ಅಗಲ ಇದ್ದು ಅಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ. 1971ರಿಂದ 1991ರವರೆಗೆ ಈ ಸ್ಮರಣಾರ್ಥ ಡಾಲರುಗಳಲ್ಲಿ 50% ಬೆಳ್ಳಿ, 1992ರಲ್ಲಿ ಅದು 92.5%ಕ್ಕೆ ಏರಿತು. ಅದೇ ಕಾಲದ ಸಾಮಾನ್ಯ ನಿಕ್ಕಲ್ ಡಾಲರ್ 32 ಮಿಲಿಮೀಟರ್, ಅಯಸ್ಕಾಂತಕ್ಕೆ ಟಪ್ ಅಂತ ಅಂಟುತ್ತದೆ. ಇದೇ ಉಪಾಯ 1968ರ ಹತ್ತು ಮತ್ತು ಇಪ್ಪತ್ತೈದು ಸೆಂಟಿಗೂ ನಡೆಯುತ್ತದೆ, ಆ ವರ್ಷ ಮೊದಲು ಬೆಳ್ಳಿ, ಆಮೇಲೆ ನಿಕ್ಕಲ್ ಅಂತ ಎರಡೂ ಬಂದವು.

ಡಬ್ಬದ ಒಳಗಿನ ಬಟ್ಟೆ, ಅಂಟಿನಿಂದ ನಾಣ್ಯ ಕಿತ್ತಳೆಗೋ ಕಂದಿಗೋ ತಿರುಗಿರುವುದು ಮಾಮೂಲು. ಡಬ್ಬ ಇಟ್ಟುಕೊಳ್ಳಿ, ನಾಣ್ಯವನ್ನು ಕ್ಯಾಪ್ಸೂಲಿಗೆ ಹಾಕಿ ಬೇರೆ ಇಡಿ, ಮಾರುವ ದಿನ ಎರಡನ್ನೂ ಸೇರಿಸಿ.

ಪ್ರಶ್ನೆ: ಮಾಂಟ್ರಿಯಲ್ ಒಲಿಂಪಿಕ್ಸ್ ನಾಣ್ಯಗಳ ಮರದ ಪೆಟ್ಟಿಗೆ?

1976ರ ಒಲಿಂಪಿಕ್ಸ್‌ಗೆ ಹಣ ಎತ್ತಲು 1973ರಿಂದ 76ರವರೆಗೆ ಏಳು ಕಂತಿನಲ್ಲಿ 28 ಬೆಳ್ಳಿ ನಾಣ್ಯ ಬಂದವು, ಅರ್ಧ 5 ಡಾಲರಿನವು, ಅರ್ಧ 10 ಡಾಲರಿನವು. ಎಲ್ಲಾ 92.5% ಬೆಳ್ಳಿ. 5ರದ್ದು 24.3 ಗ್ರಾಂ, 10ರದ್ದು 48.6. ಇಡೀ ಸೆಟ್‌ನಲ್ಲಿ ಸುಮಾರು 944 ಗ್ರಾಂ ಅಪ್ಪಟ ಬೆಳ್ಳಿ. ಪೆಟ್ಟಿಗೆ ಕೈಗೆ ಬಂದಾಗಲೇ ಇದು ನಾಣ್ಯವೋ ಇಟ್ಟಿಗೆಯೋ ಅನಿಸುತ್ತದೆ. ಸಾಕಷ್ಟು ಮಾಡಿದ್ದರಿಂದ ಅಪರೂಪ ಅಲ್ಲ, ಬೆಳ್ಳಿ ದರಕ್ಕೇ ಹೋಗುತ್ತವೆ. ಒಂದು ವಿನಾಯಿತಿ: ಮೊದಲ ಕಂತಿನ ವಿಶ್ವ ಭೂಪಟದ 10 ಡಾಲರ್ ಮೇಲೆ 1973 ಬದಲು 1974 ಅಂತ ಇದ್ದರೆ ಅದು ಅಚ್ಚು ಅದಲುಬದಲಾದ ತಪ್ಪು ನಾಣ್ಯ, ಅದಕ್ಕೆ ಒಳ್ಳೆಯ ಬೆಲೆ ಇದೆ.

ಅದೇ ಒಲಿಂಪಿಕ್ಸ್‌ನ 100 ಡಾಲರ್ ಚಿನ್ನದ ನಾಣ್ಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಎರಡು ಥರ ಇದೆ. 27 ಮಿಲಿಮೀಟರಿನ ದೊಡ್ಡದರಲ್ಲಿ ಕಾಲು ಔನ್ಸ್ ಚಿನ್ನ, 14 ಕ್ಯಾರೆಟ್. 25 ಮಿಲಿಮೀಟರಿನ ಚಿಕ್ಕದರಲ್ಲಿ ಅರ್ಧ ಔನ್ಸ್, 22 ಕ್ಯಾರೆಟ್. ಹೌದು, ಚಿಕ್ಕದರಲ್ಲೇ ಎರಡು ಪಟ್ಟು. ಅಂಚಿನಲ್ಲಿ ಮಣಿಸಾಲು ಇದ್ದರೆ 14 ಕ್ಯಾರೆಟ್ಟಿನದ್ದು.

ಪ್ರಶ್ನೆ: ವೆರೈಟಿ ಅಂದರೇನು? ಒಂದೇ ವರ್ಷದ ಒಂದೇ ನಾಣ್ಯ, ಬೆಲೆ ಮಾತ್ರ ಬೇರೆ ಬೇರೆ ಯಾಕೆ?

ಅಚ್ಚು ಬದಲಾದಾಗ ಹುಟ್ಟುವ ಸಣ್ಣ ವ್ಯತ್ಯಾಸವೇ ವೆರೈಟಿ. ಒಂದು ನಾಣ್ಯಕ್ಕೆ ಆದ ಪೆಟ್ಟು, ಕೊಳೆ, ಗೀರು ವೆರೈಟಿ ಅಲ್ಲ. ಆ ಅಚ್ಚಿನಿಂದ ಬಂದ ಎಲ್ಲಾ ನಾಣ್ಯಗಳಲ್ಲೂ ಅದು ಇರಬೇಕು.

ಹೆಸರುವಾಸಿ ಉದಾಹರಣೆ 1965ರ ಡಾಲರ್. ಆ ವರ್ಷ ಆರ್ನಲ್ಡ್ ಮೇಚಿನ್ ಮಾಡಿದ ರಾಣಿಯ ಹೊಸ ಮುಖ ಬಂತು, ಅಚ್ಚು ಬೇಗ ಸೋಲುತ್ತಿತ್ತು, ಮಿಂಟಿನವರು ತಿದ್ದುತ್ತಾ ಹೋದರು. ಕೊನೆಗೆ ಐದು ಥರ ಆಯಿತು: ಅಂಚಿನ ಮಣಿ ಸಣ್ಣದು, ದೊಡ್ಡದು, ಮಧ್ಯಮ, ಜೊತೆಗೆ ಇಸವಿಯ ಕೊನೆಯ 5 ಚೂಪು ಅಥವಾ ಮೊಂಡು. ಮಧ್ಯಮ ಮಣಿ, ಚೂಪು 5 ಇರುವ ಐದನೇ ಥರ ಕಷ್ಟಕ್ಕೆ ಸಿಗುವಂಥದ್ದು. ಆದರೆ ನಿಜವಾದ ನಿಧಿ ಮುಂದಿನ ವರ್ಷದ್ದು. 1966ರ ಡಾಲರ್ ಬಹುತೇಕ ಎಲ್ಲಾ ದೊಡ್ಡ ಮಣಿಯವು. ಸಣ್ಣ ಮಣಿಯದ್ದು ಸಿಕ್ಕರೆ ಸಾವಿರಾರು ಡಾಲರ್. ಒಂದೇ ನಾಣ್ಯ ನೋಡಿ ಸಣ್ಣದೋ ದೊಡ್ಡದೋ ಹೇಳಲಾಗುವುದಿಲ್ಲ, ಪಕ್ಕದಲ್ಲಿ ಗೊತ್ತಿರುವ ಇನ್ನೊಂದು ಇಟ್ಟು ಹೋಲಿಸಬೇಕು.

ಪ್ರಶ್ನೆ: ಪ್ಯಾಕಿಂಗಿಗೂ ವೆರೈಟಿಗೂ ಸಂಬಂಧ ಇದೆಯಾ?

ಇದೆ, ಹಳೇ ಕವರನ್ನು ಹಗುರವಾಗಿ ನೋಡಬೇಡಿ ಅನ್ನುವುದೇ ಅದಕ್ಕೆ. 1953ರಲ್ಲಿ ಎಲಿಜಬೆತ್ ರಾಣಿಯ ಮೊದಲ ನಾಣ್ಯಗಳು ಬಂದವು, ಮುಖ ಮಾಡಿದ್ದು ಮೇರಿ ಗಿಲ್ಲಿಕ್. ಮೊದಲ ಅಚ್ಚಿನಲ್ಲಿ ಭುಜದ ಮೇಲಿನ ಬಟ್ಟೆಯ ಮಡಿಕೆ ಸರಿಯಾಗಿ ಮೂಡಲಿಲ್ಲ, ತಿದ್ದಿದ ಮೇಲೆ ಮೂಡಿತು. ಮಡಿಕೆ ಇಲ್ಲದ್ದು, ಮಡಿಕೆ ಇರುವುದು ಅಂತ ಎರಡು ಥರ. ಸವೆದ ನಾಣ್ಯದಲ್ಲಿ ಭುಜ ನೋಡಿ ಪ್ರಯೋಜನ ಇಲ್ಲ, ಅಕ್ಷರ ನೋಡಿ: ಇಂಗ್ಲಿಷಿನ ಐ ಅಕ್ಷರದ ಎರಡೂ ತುದಿ ಅಗಲವಾಗಿ ಅರಳಿದ್ದರೆ ಮಡಿಕೆ ಇಲ್ಲದ್ದು, ನೆಟ್ಟಗೆ ಕಡ್ಡಿಯ ಹಾಗಿದ್ದರೆ ಮಡಿಕೆ ಇರುವುದು.

ಈಗ ವಿಷಯಕ್ಕೆ ಬನ್ನಿ. 1954ರ ಮಡಿಕೆ ಇಲ್ಲದ ಸೆಂಟ್ ಸಿಗುವುದು ಆ ವರ್ಷದ ಪ್ರೂಫ್‌ಲೈಕ್ ಸೆಟ್‌ನಲ್ಲಿ ಮಾತ್ರ, ಆ 3,000 ಬಿಳಿ ರಟ್ಟುಗಳಲ್ಲಿ. ಚಿಲ್ಲರೆಯಲ್ಲಿ ಬರಲೇ ಇಲ್ಲ. ರಟ್ಟಿನ ಸಮೇತ ಇದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಬಿಡಿಯಾಗಿ ತಂದರೆ ಹತ್ತು ಪ್ರಶ್ನೆ. 1955ರ ಮಡಿಕೆ ಇಲ್ಲದ ಸೆಂಟ್ ಇದಕ್ಕೆ ತದ್ವಿರುದ್ಧ. ಅದು ಚಿಲ್ಲರೆಯಲ್ಲೇ ಓಡಾಡಿದ್ದು, ಸವೆದಿದ್ದರೂ ನೂರಾರು ಡಾಲರ್ ಮಾಡುತ್ತದೆ.

ಹಾಗೇ 1973ರ ಇಪ್ಪತ್ತೈದು ಸೆಂಟ್, ಕುದುರೆ ಸವಾರ ಪೊಲೀಸಿನದ್ದು. 13 ಕೋಟಿಗೂ ಜಾಸ್ತಿ ಒತ್ತಿದರು, ಬಹುತೇಕ ಎಲ್ಲಾ ಹೊಸ ಸಣ್ಣ ಮುಖದವು. ಆದರೆ ಶುರುವಿನಲ್ಲಿ ಸ್ವಲ್ಪವೇ ಸ್ವಲ್ಪ ನಾಣ್ಯಗಳಿಗೆ ಹಿಂದಿನ ವರ್ಷದ ದೊಡ್ಡ ಮುಖದ ಅಚ್ಚು ಬಿತ್ತು. ದೊಡ್ಡ ಮುಖದ್ದರಲ್ಲಿ 132 ಮಣಿ, ಅಂಚಿಗೆ ಒತ್ತಿಕೊಂಡಿರುತ್ತವೆ. ಸಣ್ಣ ಮುಖದ್ದರಲ್ಲಿ 120, ಅಂಚಿನಿಂದ ದೂರ. ಆ ವರ್ಷದ ಕೆಲವು ಸೆಟ್‌ಗಳ ಒಳಗೂ ದೊಡ್ಡ ಮುಖ ಸಿಕ್ಕಿದೆ. ಆದ್ದರಿಂದ 1973 ಅಂತ ಬರೆದಿರುವ ಯಾವ ಡಬ್ಬ ಕಂಡರೂ ನಾನು ಮೊದಲು ನೋಡುವುದು ಆ ಪೊಲೀಸಿನ ಬೆನ್ನ ಹಿಂದಿನ ರಾಣಿಯನ್ನು.

ಪ್ರಶ್ನೆ: ಆರ್ನ್‌ಪ್ರಯರ್ ಡಾಲರ್ ಅಂದರೆ?

ಬೆಳ್ಳಿ ಡಾಲರಿನ ಮೇಲಿನ ದೋಣಿ ಚಿತ್ರದ ಬಲಗಡೆ ನೀರಿನ ಗೆರೆಗಳಿರುತ್ತವೆ. 1955ರ ಕೆಲವು ಡಾಲರುಗಳಲ್ಲಿ ಅಚ್ಚನ್ನು ಜಾಸ್ತಿ ಉಜ್ಜಿ ಬರೀ ಒಂದೂವರೆ ಗೆರೆ ಉಳಿಯಿತು. ಒಂಟಾರಿಯೋದ ಆರ್ನ್‌ಪ್ರಯರ್ ಊರಿನ ಒಂದು ಕಂಪನಿಗೆ ಹೋದ ಚೀಲಗಳಲ್ಲಿ ಕಂಡಿದ್ದಕ್ಕೆ ಆ ಹೆಸರು. ಗೆರೆ ಉಜ್ಜಿ ಆರ್ನ್‌ಪ್ರಯರ್ ಮಾಡುವ ಖದೀಮರೂ ಇದ್ದಾರೆ, ಗೆರೆ ಇರಬೇಕಾದ ಜಾಗದಲ್ಲಿ ಗೀರು ಇದೆಯಾ ನೋಡಿ.

ಪ್ರಶ್ನೆ: ಕೆನಡಾ ನಾಣ್ಯಕ್ಕೂ ನಮಗೂ ಏನಾದರೂ ನಂಟು ಇದೆಯಾ?

ಈ ಪ್ರಶ್ನೆಗೆ ಕಾದು ಕೂತಿದ್ದೆ! ಆರನೇ ಜಾರ್ಜ್ ಮುಖದ ಹಳೇ ಕೆನಡಾ ನಾಣ್ಯದಲ್ಲಿ ಲ್ಯಾಟಿನ್ನಿನಲ್ಲಿ ಚುಟುಕಾಗಿ "ಇಂಡ್ ಇಂಪ್" ಅಂತ ಇರುತ್ತದೆ, ಅಂದರೆ ಭಾರತದ ಚಕ್ರವರ್ತಿ. 1947ರ ಆಗಸ್ಟಿನಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಆ ಬಿರುದು ತೆಗೆಯಬೇಕಾಯಿತು. ತಿದ್ದಿದ ಅಚ್ಚು ಲಂಡನ್ನಿನಿಂದ ಬರಬೇಕು, ಅದು ಬೇಗ ಬರಲಿಲ್ಲ. ಚಿಲ್ಲರೆಗೆ ಮಾತ್ರ ಬೇಡಿಕೆ ನಿಲ್ಲಲಿಲ್ಲ. ಅದಕ್ಕೆ ಒಟ್ಟಾವಾದವರು 1948ರಲ್ಲೂ 1947ರ ಅಚ್ಚನ್ನೇ ಬಳಸಿದರು, ಆದರೆ ಇದು ಆಮೇಲೆ ಒತ್ತಿದ್ದು ಅಂತ ಗುರುತಿಗೆ ಇಸವಿಯ ಪಕ್ಕ ಪುಟ್ಟ ಮೇಪಲ್ ಎಲೆ ಹಾಕಿದರು. ಹೊಸ ಅಚ್ಚು ಬರುವಷ್ಟರಲ್ಲಿ ತಡವಾಗಿ, 1948 ಅಂತ ಇಸವಿ ಇರುವ ಡಾಲರ್ ಆಗಿದ್ದು 18,780 ಮಾತ್ರ. ಇವತ್ತು ಡಾಲರ್ ಸಾಲಿನಲ್ಲಿ ಎಲ್ಲರೂ ಬೆನ್ನು ಹತ್ತುವುದು ಅದನ್ನೇ. ಕೆಂಪುಕೋಟೆಯಲ್ಲಿ ಬಾವುಟ ಏರಿದ್ದಕ್ಕೆ ಒಟ್ಟಾವಾದಲ್ಲಿ ಒಂದು ಎಲೆ ಚಿಗುರಿತು ಅಂತ ನಾನು ತಮಾಷೆ ಮಾಡುವುದುಂಟು.

ಇನ್ನೊಂದು ಇದೆ. 1911ರಲ್ಲಿ ಐದನೇ ಜಾರ್ಜ್ ನಾಣ್ಯ ಬಂದಾಗ ಕೆನಡಾದಲ್ಲಿ "ದೇವರ ಕೃಪೆಯಿಂದ" ಅನ್ನುವ ಮಾತು ಬಿಟ್ಟುಹೋಗಿ ದೇವರಿಲ್ಲದ ನಾಣ್ಯ ಅಂತ ಗಲಾಟೆ ಆಯಿತು, ಮರುವರ್ಷ ಸೇರಿಸಿದರು. ಅದೇ ವರ್ಷ ನಮ್ಮ ರೂಪಾಯಿಯಲ್ಲಿ ದೊರೆಯ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಂಡು ಇಲ್ಲೂ ಗಲಾಟೆ. ಆ ವರ್ಷದ ಅದೃಷ್ಟವೇ ಸರಿ ಇರಲಿಲ್ಲ, ಅಲ್ವಾ?

ಪ್ರಶ್ನೆ: ಗಟ್ಟಿ ಪ್ಲಾಸ್ಟಿಕ್ಕಿನ ಸ್ಲ್ಯಾಬ್ ನಂಬಬಹುದಾ?

ಸ್ಲ್ಯಾಬ್ ಅಂದರೆ ನಾಣ್ಯ ಪರೀಕ್ಷಿಸಿ, ದರ್ಜೆ, ನಂಬರು ಹಾಕಿ ಮುಚ್ಚಿಕೊಡುವ ಡಬ್ಬಿ. ಹೀಗೆ ಪರೀಕ್ಷಿಸುವ ಸಂಸ್ಥೆಗಳಲ್ಲಿ ಪಿಸಿಜಿಎಸ್, ಎನ್‌ಜಿಸಿ ಅಮೆರಿಕದವು, ಐಸಿಸಿಎಸ್ ಕೆನಡಾದ್ದು. ಐಸಿಸಿಎಸ್ ಮೆತ್ತನೆ ಕವರಿನಲ್ಲಿ ಚೀಟಿ ಹಾಕಿ ಕೊಡುತ್ತಾ ಬಂದಿದೆ, ನೋಡಲು ಬಡಪಾಯಿ, ಆದರೆ ಕೆನಡಾದ ಹಳಬರು ಅದಕ್ಕೇ ಬೆಲೆ ಕೊಡುತ್ತಾರೆ. ನಕಲಿ ಸ್ಲ್ಯಾಬ್ ಕೂಡ ಇವೆ. ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ ಫೋಟೋ ಹೋಲಿಸಿ.

ಪ್ರಶ್ನೆ: ಊರಿಗೆ ತರುವಾಗ ಕಸ್ಟಮ್ಸ್?

ಬೆಳ್ಳಿ, ಚಿನ್ನದ ನಾಣ್ಯ ಇದ್ದರೆ ಹೇಳಿಬಿಡಿ. ಒಡವೆಗೆ ಸಿಗುವ ರಿಯಾಯಿತಿ ನಾಣ್ಯಕ್ಕೆ ಸಿಗುವುದಿಲ್ಲ. ಬಿಲ್ಲು ಜೊತೆಯಲ್ಲಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಹೇಗೆ ಇಡುವುದು?

ಒಟ್ಟಾವಾದ ಒಣ ಚಳಿಗಾಲದಲ್ಲಿ ನಲವತ್ತು ವರ್ಷ ಚೊಕ್ಕವಾಗಿದ್ದ ಸೆಟ್ ಉಡುಪಿಯ ಒಂದೇ ಆಟಿ ತಿಂಗಳಲ್ಲಿ ಕಲೆ ಹಿಡಿಯಬಹುದು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಹೊಸದು. ಪ್ರತಿ ನಾಣ್ಯಕ್ಕೆ ಅಳತೆಯ ಅಕ್ರಿಲಿಕ್ ಕ್ಯಾಪ್ಸೂಲ್, ಇಲ್ಲವೇ ಮೈಲಾರ್ ಅನ್ನುವ ತೆಳು ಪ್ಲಾಸ್ಟಿಕ್ಕಿನ ಕಿಟಕಿ ಇರುವ ರಟ್ಟು. ರಟ್ಟಿಗೆ ಹೊಡೆದ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯ ಕೆರೆಯುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಸುದ್ದಿಪತ್ರಿಕೆ ಹತ್ತಿರ ಬೇಡ, ಎಲ್ಲದರಲ್ಲೂ ಗಂಧಕ. ಮರದ ಬೀರುವೂ ಅಷ್ಟು ಒಳ್ಳೆಯದಲ್ಲ, ಸ್ಟೀಲ್ ಬೀರು ವಾಸಿ. ನುಸಿಗುಳಿಗೆ ಇಡುವ ಸೀರೆ ಬೀರುವಿನಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ಖಾಲಿ ಡಬ್ಬ, ಹರಿದ ಲಕೋಟೆ ಬಿಸಾಡಲಾ?

ತಡೀರಿ. 1967ರ ಖಾಲಿ ಡಬ್ಬಕ್ಕೂ ಗಿರಾಕಿ ಇದ್ದಾರೆ, ನಾನೂ ಒಬ್ಬ.